ಮುಸುಕಿನ ಜೋಳದ ಎರಡನೇ ಮುಸುಕು

ಆ ಸಂಜೆ ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ನಲ್ಲಿ ಜೋಳದ ಪ್ಯಾಕೆಟ್ಟೊಂದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತುಬಿಟ್ಟೆ. ಕೆಳಗೆ ಥರ್ಮಾಕೋಲ್ ತಟ್ಟೆ, ಅದರಲ್ಲಿ ಸುಲಿದಿಟ್ಟ ಎರಡು ತೆನೆ, ಮೇಲೆ ಬಿಗಿಯಾಗಿ ಎಳೆದು ಸುತ್ತಿದ ತೆಳು ಪ್ಲಾಸ್ಟಿಕ್, ಅದರ ಮೇಲೆ ಬೆಲೆಯ ಚೀಟಿ. ನಮ್ಮ ಭಾಷೆಯಲ್ಲಿ ಈ ಬೆಳೆಗೆ ಹೆಸರು ಬಂದದ್ದೇ ಅದರ ಹೊದಿಕೆಯಿಂದ: ಮುಸುಕಿನ ಜೋಳ. ಹಸಿರು ಸಿಪ್ಪೆಯ ಪದರದ ಮೇಲೆ ಪದರ, ಒಳಗೆ ರೇಷ್ಮೆಯಂಥ ಕೂದಲು. ಕಾಳಿನ ಹಸಿ ಆರದಂತೆ, ಸಿಹಿ ಬೇಗ ಇಳಿಯದಂತೆ ಕಾಯುವುದು ಆ ಮುಸುಕೇ. ಅದನ್ನು ಯಾರೋ ಕಿತ್ತು ಬಿಸಾಕಿ, ಅದೇ ಕೆಲಸಕ್ಕೆ ಪ್ಲಾಸ್ಟಿಕ್ಕಿನ ಇನ್ನೊಂದು ಮುಸುಕು ಹೊದಿಸಿದ್ದಾರೆ. ಮೊದಲನೆಯದನ್ನು ಎಸೆದಿದ್ದರೆ ಹಸು ತಿನ್ನುತ್ತಿತ್ತು, ಇಲ್ಲವೇ ಮಣ್ಣಾಗುತ್ತಿತ್ತು. ಎರಡನೆಯದು ನನ್ನ ಜೊತೆ ಮನೆಗೆ ಬರುತ್ತದೆ, ಅಡುಗೆಮನೆಯಲ್ಲಿ ಒಂದು ನಿಮಿಷವೂ ಉಳಿಯದೆ ಕಸದ ಚೀಲ ಸೇರುತ್ತದೆ. ಆಮೇಲೆ ಎಲ್ಲಿಗೆ?

ಪಕ್ಕದ ಸಾಲಿನಲ್ಲಿ ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿಗೂ ಪ್ಲಾಸ್ಟಿಕ್ ಸುತ್ತಿದ್ದರು. ನಾನು ತಿಪಟೂರಿನವಳು. ಕಾಯಿಗೆ ಕರಟ ಸಾಲದು ಅಂತ ಯಾರಿಗಾದರೂ ಅನ್ನಿಸಬಹುದು ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಆಗಿಲ್ಲ.

ಜೋಳ ಅಲ್ಲೇ ಇಟ್ಟು ಬಂದೆ. ಆದರೆ ಬುಟ್ಟಿಯಲ್ಲಿದ್ದ ಉಳಿದದ್ದನ್ನೆಲ್ಲ ತಂದೆ: ಬೇಳೆ, ರವೆ, ಎಣ್ಣೆ, ಬಿಸ್ಕತ್ತು, ರೋಲ್‌ನಿಂದ ಹರಿದ ಕವರ್‌ಗಳಲ್ಲಿ ಬೀನ್ಸು, ಕ್ಯಾರೆಟ್ಟು. ರಾತ್ರಿ ಎಲ್ಲವನ್ನೂ ಡಬ್ಬಿಗಳಿಗೆ ಸುರಿದು ಮುಗಿಸಿದಾಗ ಕಟ್ಟೆಯ ಮೇಲೆ ಖಾಲಿ ಕವರ್‌ಗಳ ಗುಡ್ಡೆ ಉಳಿಯಿತು. ಅದನ್ನು ನೋಡುವಾಗ ದೊಡ್ಡಪ್ಪನ ಅಂಗಡಿ ನೆನಪಾಯಿತು.

ಪೊಟ್ಟಣ

ದೊಡ್ಡಪ್ಪನದು ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ. ಎಂಬತ್ತರ ದಶಕದ ಕೊನೆ. ಬೇಸಿಗೆ ರಜದಲ್ಲಿ ನನಗೆ ಗಲ್ಲಾಪೆಟ್ಟಿಗೆ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಜಾಗ. ಸಾಸಿವೆ, ಜೀರಿಗೆ, ಮೆಂತ್ಯದಂಥ ಚಿಲ್ಲರೆ ಸಾಮಾನಿಗೆ ಪೊಟ್ಟಣ ಕಟ್ಟುವುದನ್ನು ಅಲ್ಲೇ ಕಲಿತದ್ದು. ರದ್ದಿ ಪೇಪರನ್ನು ಅಳತೆಗೆ ಹರಿದು, ಎಡಗೈ ಬೆರಳುಗಳ ಸುತ್ತ ಸುತ್ತಿದರೆ ಶಂಕುವಿನ ಆಕಾರ ಬರುತ್ತದೆ. ಚೂಪಾದ ತುದಿಯನ್ನು ಮೇಲಕ್ಕೆ ಮಡಚಬೇಕು. "ತುದಿ ಸರಿಯಾಗಿ ಮಡಚು ಪಾಪು, ಇಲ್ದಿದ್ರೆ ಮನೆ ಮುಟ್ಟೋದ್ರೊಳಗೆ ಸಾಸಿವೆಯೆಲ್ಲ ದಾರೀಲೇ ಸೋರ್ಕೊಂಡು ಹೋಗುತ್ತೆ" ಅನ್ನುತ್ತಿದ್ದರು. ತಕ್ಕಡಿಯಿಂದ ಸುರಿದ ಮೇಲೆ ಬಾಯಿಯನ್ನು ಮೂರು ಕಡೆಯಿಂದ ಒಳಕ್ಕೆ ಮಡಚಬೇಕು. ಚಾವಣಿಗೆ ನೇತುಹಾಕಿದ ತೂತು ಡಬ್ಬದಿಂದ ದಾರ ಇಳಿಬಿದ್ದಿರುತ್ತಿತ್ತು. ಅದನ್ನು ಎಳೆದು ಎರಡು ಸುತ್ತು ಸುತ್ತಿ, ಬೆರಳಿಗೆ ಕುಣಿಕೆ ಹಾಕಿಕೊಂಡು ಒಂದೇ ಜಗ್ಗಿಗೆ ಪಟ್ ಅಂತ ಕಡಿಯಬೇಕು. ಆ ಜಗ್ಗು ನನಗೆ ಬರಲು ಎರಡು ರಜ ಬೇಕಾಯಿತು.

ಈಗ ಯೋಚಿಸಿದರೆ ಪೊಟ್ಟಣಕ್ಕಿಂತ ಹೆಚ್ಚಾಗಿ ನೆನಪಿಗೆ ಬರುವುದು ಅಲ್ಲಿನ ಖಾಲಿ ಸಾಮಾನುಗಳ ಲೆಕ್ಕ. ಬೇಳೆ, ಸಕ್ಕರೆ ಬರುತ್ತಿದ್ದ ಗೋಣಿಚೀಲಗಳನ್ನು ಹಿಂದಿನ ಕೋಣೆಯಲ್ಲಿ ಮಡಚಿ ಪೇರಿಸುತ್ತಿದ್ದರು. ಮಂಡಿಯ ಗಾಡಿ ಬಂದಾಗ ಖಾಲಿ ಚೀಲ ಎಣಿಸಿ ಕೊಟ್ಟರೆ ಲೆಕ್ಕದಿಂದ ಅಷ್ಟು ಕಳೆಯುತ್ತಿದ್ದರು. ಅದಕ್ಕೆಂದೇ ಪುಸ್ತಕದಲ್ಲಿ ಬೇರೆ ಕಲಮು ಇತ್ತು. ಹದಿನೈದು ಕೆಜಿಯ ಎಣ್ಣೆ ಡಬ್ಬ ಖಾಲಿಯಾದರೆ ಅದನ್ನು ಕೊಳ್ಳಲು ಜನ ಮೊದಲೇ ಹೇಳಿಟ್ಟಿರುತ್ತಿದ್ದರು: ಒಬ್ಬರಿಗೆ ನೀರು ಸೇದಲು, ಇನ್ನೊಬ್ಬರಿಗೆ ರಾಗಿ ತುಂಬಿಡಲು. ಗೋಲಿ ಸೋಡಾ ಬಾಟಲಿಯನ್ನು ಮನೆಗೆ ಒಯ್ಯಬೇಕಾದರೆ ದುಡ್ಡು ಇಟ್ಟು ಹೋಗಬೇಕು, ಬಾಟಲಿ ತಂದುಕೊಟ್ಟಾಗ ವಾಪಸ್. ಎಣ್ಣೆಗೆ ಬರುವವರು ಕುತ್ತಿಗೆಗೆ ಹಗ್ಗ ಕಟ್ಟಿದ ಸೀಸೆ ಹಿಡಿದೇ ಬರುತ್ತಿದ್ದರು. "ಶೆಟ್ರೇ, ಒಂದ್ ಪಾವು ಕಡ್ಲೇಕಾಯೆಣ್ಣೆ" ಅನ್ನುವಾಗ ಸೀಸೆ ಆಗಲೇ ಕಟ್ಟೆಯ ಮೇಲೆ ಕೂತಿರುತ್ತಿತ್ತು. ಪೊಟ್ಟಣದ ದಾರವನ್ನೂ ಅಮ್ಮ ಬಿಸಾಡುತ್ತಿರಲಿಲ್ಲ. ಉಂಡೆ ಸುತ್ತಿ ಹೂ ಕಟ್ಟಲು ಇಟ್ಟುಕೊಳ್ಳುತ್ತಿದ್ದರು.

ಆ ಕಾಲ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಅಕ್ಕಿ ತಂದ ದಿನ ಮಧ್ಯಾಹ್ನವೆಲ್ಲ ಅಮ್ಮ ಮೊರದ ಮುಂದೆ ಕೂತು ಕಲ್ಲು ಆರಿಸುತ್ತಿದ್ದರು. ಬಿಡಿ ಖಾರದ ಪುಡಿಯಲ್ಲಿ ಏನು ಬೆರೆತಿದೆಯೋ ಅನ್ನುವ ಅನುಮಾನ ಯಾವಾಗಲೂ ಇತ್ತು. ಮಳೆಗಾಲದಲ್ಲಿ ಮೂಟೆಯ ತಳದ ಬೇಳೆಗೆ ಹುಳು. ಅಚ್ಚಿನ ಶಾಯಿ ಆಹಾರಕ್ಕೆ ತಾಗಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ನಿಯಮಗಳಲ್ಲೇ ಹೇಳಿದೆ, ಅದು ಸರಿಯಾದ ಮಾತು. ನನ್ನ ಕೈಯಾರೆ ಕಟ್ಟಿದ ಪೊಟ್ಟಣಗಳಲ್ಲಿ ಎಷ್ಟು ಶಾಯಿ ಯಾರ ಮನೆಯ ಒಗ್ಗರಣೆಗೆ ಬಿತ್ತೋ. ಮೊಹರು ಮಾಡಿದ ಪ್ಯಾಕೆಟ್ಟಿನಿಂದ ಹೆಂಗಸರ ಎಷ್ಟೋ ಮಧ್ಯಾಹ್ನಗಳು ಉಳಿದವು, ಕಲಬೆರಕೆಗೆ ಯಾರನ್ನು ಕೇಳಬೇಕು ಅನ್ನುವುದಕ್ಕೆ ಒಂದು ಹೆಸರು, ವಿಳಾಸ ಸಿಕ್ಕಿತು. ಇವೆಲ್ಲ ನಿಜ. ಆದರೆ ಇದರ ನಡುವೆ ಎಲ್ಲೋ ಆ ಪುಸ್ತಕದ ಖಾಲಿ ಚೀಲದ ಕಲಮು ಅಳಿಸಿಹೋಯಿತು. ನನ್ನನ್ನು ಕಾಡುವುದು ಅದು.

ಒಂದು ತಿಂಗಳ ಚೀಲ

ಹೋದ ವರ್ಷ ಒಂದು ತಿಂಗಳು ಸೂಪರ್‌ಮಾರ್ಕೆಟ್‌ನಿಂದ ಬಂದ ಪ್ರತಿಯೊಂದು ಕವರನ್ನೂ ಎತ್ತಿಟ್ಟೆ. ಹಾಲಿನ ಪ್ಯಾಕೆಟ್ ಬೂತಿನದು, ಅದು ಲೆಕ್ಕಕ್ಕಿಲ್ಲ. ಎಲ್ಲವನ್ನೂ ತೊಳೆದು, ಬಟ್ಟೆ ಒಣಹಾಕುವ ತಂತಿಯ ಮೇಲೆ ಕ್ಲಿಪ್ ಹಾಕಿ ಒಣಗಿಸಿದೆ. ಎಣ್ಣೆ ಕವರಿನ ಜಿಡ್ಡು ಹೋಗಲು ಕಡಲೆಹಿಟ್ಟು ಬೇಕಾಯಿತು. ತಿಂಗಳ ಕೊನೆಗೆ ಎಣಿಸಿದರೆ 94. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 1 ಕೆಜಿ 120 ಗ್ರಾಂ. ಮೂರು ಜನರ ಮನೆ ನಮ್ಮದು. ತೂಕ ಕಡಿಮೆ ಅನ್ನಿಸಬಹುದು, ಆದರೆ ಹತ್ತು ಕೆಜಿ ಅಕ್ಕಿಯ ಚೀಲದ ತುಂಬ ಒತ್ತಿ ಒತ್ತಿ ತುರುಕಬೇಕಾಯಿತು. ಬೇರ್ಪಡಿಸಿ ನೋಡಿದಾಗ ಅದರಲ್ಲಿ 31 ಆ ಸೂಪರ್‌ಮಾರ್ಕೆಟ್‌ನ ಸ್ವಂತ ಹೆಸರು ಅಚ್ಚಾದ ಬೇಳೆ, ರವೆ, ಸಕ್ಕರೆ ಪ್ಯಾಕೆಟ್‌ಗಳು. ಚಿಪ್ಸು, ಬಿಸ್ಕತ್ತಿನ ಹೊಳೆಯುವ ಕವರ್‌ಗಳು 22.

ಆ 31ನ್ನು ಬೇರೆ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಮ್ಯಾನೇಜರ್ ಚಿಕ್ಕ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟಿರಬೇಕು, ಮಾತು ಮೃದು. ನಾನು ಚೀಲ ಬಿಚ್ಚಿ ತೋರಿಸಿದೆ. ಏನೋ ಹಾಳಾದ ಸಾಮಾನು ವಾಪಸ್ ತಂದಿದ್ದೀನಿ ಅಂದುಕೊಂಡು ಬಿಲ್ ಕೇಳಿದರು. ಸಾಮಾನು ಚೆನ್ನಾಗಿತ್ತು, ಕವರ್ ಮಾತ್ರ ನಿಮಗೆ ಕೊಡೋಣ ಅಂತ ಬಂದೆ ಅಂದೆ.

"ಇದನ್ನ ನಾವ್ ಏನ್ ಮಾಡೋದು ಮೇಡಂ?"

"ನಾನಾದ್ರೂ ಏನ್ ಮಾಡ್ಲಿ? ನಿಮ್ಮ ಹೆಸರೇ ಇದೆಯಲ್ಲ ಇದರ ಮೇಲೆ."

ಅವರು ಒಂದು ಕವರನ್ನು ಎತ್ತಿ ತಿರುಗಿಸಿ ನೋಡಿದರು. ತೊಳೆದು ಒಣಗಿಸಿದ್ದನ್ನು ಕಂಡು ಸ್ವಲ್ಪ ಸಂಕೋಚವಾಯಿತೆಂದು ಕಾಣುತ್ತದೆ. ಇಟ್ಟು ಹೋಗಿ, ಹೆಡ್ ಆಫೀಸಿಗೆ ಒಂದು ಮೇಲ್ ಹಾಕಿ ಅಂದರು. ಹಾಕಿದೆ. ನಿಮ್ಮ ಅಭಿಪ್ರಾಯ ನಮಗೆ ಮುಖ್ಯ ಅನ್ನುವ ತಾನೇ ತಾನಾಗಿ ಬರುವ ಉತ್ತರ ಬಂತು, ಅದಾದ ಮೇಲೆ ಏನೂ ಇಲ್ಲ. ಮುಂದಿನ ತಿಂಗಳು 24 ಕವರ್ ಒಯ್ದೆ. ಅವತ್ತು ನೆಲ ಒರೆಸುತ್ತಿದ್ದ ಹೆಂಗಸು ನಾನು ಹೊರಡುವಾಗ ಬಾಗಿಲ ಹತ್ತಿರ ನಿಲ್ಲಿಸಿ ಮೆಲ್ಲಗೆ ಹೇಳಿದರು: "ಅಮ್ಮ, ಹೋದ್ಸಲ ನೀವ್ ಕೊಟ್ಟಿದ್ನ ನಾನೇ ಕಸದ ಆಟೋಗೆ ಹಾಕಿದ್ದು. ಸುಮ್ನೆ ಯಾಕ್ ಹೊತ್ಕೊಂಡ್ ಬರ್ತೀರಾ?" ಅವರಿಗೆ ನನ್ನ ಮೇಲೆ ಕನಿಕರ ಇತ್ತು. ನನ್ನ ಮನೆಯ ಮುಂದೆಯೂ ಅಂಥದೇ ಆಟೋ ಬರುತ್ತದೆ. ನಾನು ಒಂದು ಕಿಲೋಮೀಟರ್ ಹೊತ್ತು ತಂದು ಆ ಕವರ್‌ಗಳನ್ನು ಒಂದು ಆಟೋದಿಂದ ಇನ್ನೊಂದಕ್ಕೆ ಹಾಕಿಸಿದ್ದೆ, ಅಷ್ಟೇ.

ಆ ಮಾತು ನನ್ನನ್ನು ಬಹಳ ದಿನ ಕುಗ್ಗಿಸಿತು. ಹಾಗಾದರೆ ಆ ಆಟೋ ಎಲ್ಲಿಗೆ ಹೋಗುತ್ತದೆ ನೋಡೋಣ ಅಂತ ನಮ್ಮ ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರಕ್ಕೆ ಒಂದು ಶನಿವಾರ ಹೋದೆ.

ಸದ್ದು ಕೇಳಿ ಗುರುತಿಸುವವರು

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶ ಆದಮೇಲೆ ಬೆಂಗಳೂರಿನ ಮನೆಗಳಲ್ಲಿ ಎರಡು ಡಬ್ಬ, ಒಂದು ಚೀಲ ಅನ್ನುವ ಪದ್ಧತಿ ಬಂತಲ್ಲ, ಆ ಚೀಲದ ಒಣಕಸ ಬರುವುದು ಇಲ್ಲಿಗೆ. ಅದಕ್ಕೂ ಹಿಂದಿನ ವರ್ಷ, ಹೊಗೆ, ನಾತ, ನೊಣ, ಕೆಟ್ಟ ಕೊಳವೆಬಾವಿ ನೀರು ಸಾಕಾಗಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು ಹಳ್ಳಿಯ ಜನ ರಸ್ತೆಗೆ ಇಳಿದು ಕಸದ ಲಾರಿಗಳನ್ನು ನಿಲ್ಲಿಸಿದ್ದರು. ಅವರು ಹಾಗೆ ನಿಲ್ಲದಿದ್ದರೆ ನಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ ಅಂತ ಕೇಳುವ ಅಭ್ಯಾಸವೇ ಈ ಊರಿಗೆ ಬರುತ್ತಿರಲಿಲ್ಲ.

ತಗಡಿನ ಚಾವಣಿ, ಕೆಳಗೆ ನಾಲ್ಕು ಜನ ಹೆಂಗಸರು ಗುಡ್ಡೆಯ ಸುತ್ತ ಕೂತಿದ್ದರು. ಅವರಲ್ಲಿ ಹಿರಿಯಾಕೆ ನನಗೆ ಕೂರಲು ಒಂದು ಕ್ರೇಟ್ ಮಗುಚಿ ಕೊಟ್ಟರು. ಅವರ ಕೈ ನಿಲ್ಲುತ್ತಿರಲಿಲ್ಲ. ಒಂದು ಕವರ್ ಎತ್ತಿಕೊಂಡು ಕಿವಿಯ ಹತ್ತಿರ ಹಿಚುಕುವುದು, ಚರಚರ ಅಂದರೆ ಒಂದು ಚೀಲಕ್ಕೆ, ಸದ್ದಿಲ್ಲದೆ ಮೆತ್ತಗಿದ್ದು ಎಳೆದರೆ ಹಿಗ್ಗಿದರೆ ಇನ್ನೊಂದಕ್ಕೆ. ಚರಚರ ಅನ್ನುವುದು ಪಿಪಿ, ಅಂದರೆ ಪಾಲಿಪ್ರೊಪಿಲೀನ್; ಹಿಗ್ಗುವುದು ಎಲ್‌ಡಿ, ಅಂದರೆ ಕಡಿಮೆ ಸಾಂದ್ರತೆಯ ಪಾಲಿಥೀನ್. ಕವರಿನ ಮೇಲೆ ತ್ರಿಕೋನದೊಳಗೆ ಅಚ್ಚಾದ 5, 4 ಅನ್ನುವ ಅಂಕಿ ನೋಡಿ ನಾನು ತಿಳಿಯುವುದನ್ನು ಅವರು ಬೆರಳಲ್ಲಿ, ಕಿವಿಯಲ್ಲಿ ತಿಳಿಯುತ್ತಿದ್ದರು. ಹಾಲಿನ ಕವರ್ ಬಂದರೆ ಮುಖ ಅರಳುತ್ತಿತ್ತು, ಅದಕ್ಕೆ ಒಳ್ಳೆ ರೇಟು. ನೀರಿನ ಬಾಟಲಿ, ಶಾಂಪೂ ಬಾಟಲಿಗೂ ಗಿರಾಕಿ ಇದ್ದಾರೆ. ನಾನು ಚೀಲದಿಂದ ನನ್ನ 22 ಹೊಳೆಯುವ ಕವರ್‌ಗಳನ್ನು ತೆಗೆದೆ. ತೊಳೆದು, ಒಣಗಿಸಿ, ಒಂದರ ಮೇಲೊಂದು ಜೋಡಿಸಿ ರಬ್ಬರ್‌ಬ್ಯಾಂಡ್ ಹಾಕಿದ್ದೆ. ಆಕೆ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಎಷ್ಟ್ ಚೆಂದ ಮಡಗಿದ್ದೀರಮ್ಮ" ಅಂದು, "ಆದ್ರೆ ಇದಕ್ಕೆ ಬೆಲೆ ಇಲ್ಲ" ಅಂದರು.

ಯಾಕೆ ಬೆಲೆ ಇಲ್ಲ ಅನ್ನುವುದು ಆ ಕವರಿನ ಅಂಚನ್ನು ಹರಿದರೆ ಗೊತ್ತಾಗುತ್ತದೆ. ಹೊರಗೆ ಅಚ್ಚು ಹಾಕಲು ಒಂದು ಪದರ, ಗಾಳಿ ತಡೆಯಲು ನಡುವೆ ಅಲ್ಯೂಮಿನಿಯಂ ಲೇಪದ್ದು, ಒಳಗೆ ಶಾಖಕ್ಕೆ ಅಂಟಿಕೊಳ್ಳಲು ಇನ್ನೊಂದು. ಮೂರೂ ಬೇರೆ ಬೇರೆ ಜಾತಿಯವು, ಒಂದಕ್ಕೊಂದು ಅಂಟಿಸಿಬಿಟ್ಟಿದ್ದಾರೆ. ಮತ್ತೆ ಬಿಡಿಸುವುದಕ್ಕೆ ಆಗುವ ಖರ್ಚನ್ನು ಯಾರೂ ಕೊಡುವುದಿಲ್ಲ. ಹಾಗಾಗಿ ಅದು ಬೇಲ್ ಕಟ್ಟಿಸಿಕೊಂಡು ಉರಿಸಲು ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಹೋಗುತ್ತದೆ, ಅದೂ ಲಾರಿ ಬಾಡಿಗೆ ಯಾರಾದರೂ ಕೊಟ್ಟರೆ. ಇಲ್ಲವಾದರೆ ಕಲ್ಲುಗಣಿಯ ಹೊಂಡಕ್ಕೆ.

ಈ ಕವರ್‌ಗಳ ಬಗ್ಗೆ ಕಾನೂನು ಸುಮ್ಮನಿರಲಿಲ್ಲ. ಮರುಬಳಕೆ ಆಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದಲ್ಲಿ ಇತ್ತು. ಎರಡು ವರ್ಷ ತುಂಬುವ ಹೊತ್ತಿಗೆ, 2018ರಲ್ಲಿ, ತಿದ್ದುಪಡಿ ಬಂತು. ಮರುಬಳಕೆ ಆಗದಿದ್ದರೂ ಉರಿಸಿ ಶಕ್ತಿ ಪಡೆಯಲು ಆಗುವುದಾದರೆ, ಬೇರೆ ಏನಕ್ಕಾದರೂ ಬರುವುದಾದರೆ ಇರಲಿ ಅನ್ನುವ ಅರ್ಥದ ಮಾತು ಅದರಲ್ಲಿ ಸೇರಿತು. ಪ್ಲಾಸ್ಟಿಕ್ ಯಾವುದಾದರೂ ಉರಿಯುತ್ತದೆ. ಆ ಒಂದು ಸಾಲಿನಿಂದ ಎಷ್ಟು ಕೋಟಿ ಕವರ್‌ಗಳಿಗೆ ಜೀವದಾನ ಸಿಕ್ಕಿತೋ. ಆ ತಿದ್ದುಪಡಿಯ ಸಾಲನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವಾಪಸ್ ಹೋಗುವ ದಾರಿ

ಪ್ಲಾಸ್ಟಿಕ್ ಕಡಿಮೆ ಮಾಡಿ ಅನ್ನುವ ಮಾತನ್ನು ನಾವು ಸಾಕಷ್ಟು ಕೇಳಿದ್ದೇವೆ, ನಾನೂ ಪಾಲಿಸುತ್ತೇನೆ. ಹಳೆಯ ಕಾಟನ್ ಸೀರೆಯಲ್ಲಿ ಹನ್ನೆರಡು ಚಿಕ್ಕ ಚೀಲ ಹೊಲಿದುಕೊಂಡೆ. ತರಕಾರಿ ಹಾಪ್‌ಕಾಮ್ಸ್‌ನಲ್ಲಿ, ಎಣ್ಣೆಗೆ ಸ್ಟೀಲ್ ಕ್ಯಾನ್ ಹಿಡಿದು ಗಾಣಕ್ಕೆ, ರಾಗಿ ಗೋಧಿ ತೊಳೆದು ಒಣಗಿಸಿ ಗಿರಣಿಗೆ. ಎರಡನೇ ತಿಂಗಳು 94 ಇದ್ದದ್ದು 61ಕ್ಕೆ ಇಳಿಯಿತು, ಆಮೇಲೆ 50ರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಉಪ್ಪು, ಸೋಪಿನ ಪುಡಿ, ಮಗಳ ಬಿಸ್ಕತ್ತು, ಅಮ್ಮನ ಔಷಧಿಯ ಜೊತೆ ತರುವ ಗ್ಲುಕೋಸ್. ಇವುಗಳಿಗೆ ನನ್ನ ಸೀರೆಯ ಚೀಲ ಯಾವ ಕೆಲಸಕ್ಕೂ ಬರಲಿಲ್ಲ. ಎರಡು ಪಾಳಿ ದುಡಿಯುವ ಮನೆಗಳಿಗೆ ಗಾಣ, ಗಿರಣಿ ಅಂತ ತಿರುಗಲು ಸಮಯವೂ ಇರುವುದಿಲ್ಲ. ಅವರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಆ ಐವತ್ತು ಕವರ್‌ಗಳ ವಿಷಯದಲ್ಲಿ ಕೊಳ್ಳುವವಳು ಮಾಡಬಹುದಾದದ್ದು ಒಂದೇ, ಕೊಟ್ಟವರಿಗೆ ವಾಪಸ್ ಕೊಡುವುದು. ಅದಕ್ಕೆ ದಾರಿ ಇರಬೇಕು.

ತೂತ್ತುಕುಡಿಯ ಶಾಲೆಯೊಂದರ ಹೆಣ್ಣುಮಕ್ಕಳು 2018ರಲ್ಲಿ ತಾವು ತಿಂದ ತಿಂಡಿಗಳ 20,000ಕ್ಕೂ ಹೆಚ್ಚು ಕವರ್‌ಗಳನ್ನು ಕೂಡಿಹಾಕಿ, ಯಾವ ಕಂಪನಿಯದು ಎಷ್ಟು ಅಂತ ಬೇರ್ಪಡಿಸಿ, ಪತ್ರ ಬರೆದು ಆ ಕಂಪನಿಗಳಿಗೇ ಕಳಿಸಿಕೊಟ್ಟರು. ನಿಮ್ಮ ತಿಂಡಿಯ ರುಚಿ ನಮಗೆ ಇಷ್ಟ, ಕವರ್ ಇಷ್ಟ ಇಲ್ಲ ಅನ್ನುವುದು ಅವರ ಮಾತಿನ ಸಾರ. ಅದೇ ವರ್ಷ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕೇನ್‌ಷಮ್ ಅನ್ನುವ ಪುಟ್ಟ ಊರಿನ ಜನ ಸೂಪರ್‌ಮಾರ್ಕೆಟ್‌ನಲ್ಲಿ ದುಡ್ಡು ಕೊಟ್ಟು ಸಾಮಾನು ಕೊಂಡು, ಅಲ್ಲೇ ಕವರ್ ಬಿಚ್ಚಿ, ತಳ್ಳುಗಾಡಿಗಳಲ್ಲಿ ತುಂಬಿಟ್ಟು ಬಂದರು. ಜರ್ಮನಿಯಲ್ಲಿ ಇದು 1991ರ ಕಾನೂನಿನಲ್ಲೇ ಇತ್ತು: ಹೆಚ್ಚುವರಿ ಹೊರಹೊದಿಕೆಯನ್ನು ಗಿರಾಕಿ ಅಂಗಡಿಯಲ್ಲೇ ಬಿಚ್ಚಿ ಬಿಟ್ಟು ಬರಬಹುದು, ಅಂಗಡಿ ತೆಗೆದುಕೊಳ್ಳಲೇಬೇಕು. ತನ್ನ ಅಂಗಳದಲ್ಲೇ ಗುಡ್ಡೆ ಬೀಳತೊಡಗಿದರೆ ಅಂಗಡಿಯವನು ಕಂಪನಿಯನ್ನು ಕೇಳುತ್ತಾನೆ: ಟೂತ್‌ಪೇಸ್ಟ್ ಟ್ಯೂಬಿಗೆ ರಟ್ಟಿನ ಡಬ್ಬಿ ಯಾಕೆ? ಸ್ಟುಟ್‌ಗಾರ್ಟ್‌ನಲ್ಲಿರುವ ಅಕ್ಕನ ಮಗಳು ವಾರಕ್ಕೊಮ್ಮೆ ಖಾಲಿ ಬಾಟಲಿಗಳನ್ನು ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿ, ಒಂದಕ್ಕೆ 25 ಸೆಂಟಿನಂತೆ ಚೀಟಿ ಪಡೆದು, ಅದರಲ್ಲೇ ಸಾಮಾನು ತರುತ್ತಾಳೆ. ಅವಳು ಆ ವಿಡಿಯೋ ಕಳಿಸಿದಾಗ ಅಮ್ಮ ನೋಡಿ, ಇದು ನಿಮ್ಮ ದೊಡ್ಡಪ್ಪನ ಸೋಡಾ ಬಾಟಲಿ ಲೆಕ್ಕವೇ ಅಲ್ವೇನೇ ಅಂದರು.

ಅಷ್ಟು ದೂರವೂ ಬೇಡ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಮುಗಿದರೆ ನೀಲಗಿರಿ. ಒಡೆದ ಮದ್ಯದ ಬಾಟಲಿಗಳ ಚೂರು ಕಾಡುಪ್ರಾಣಿಗಳ ಕಾಲಿಗೆ ಚುಚ್ಚುತ್ತಿದೆ ಅಂತ ಮದ್ರಾಸ್ ಹೈಕೋರ್ಟ್ ಹಿಡಿದು ಕೇಳಿದ ಮೇಲೆ, 2022ರಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಹಿಡಿದು, ಖಾಲಿ ತಂದರೆ ವಾಪಸ್ ಕೊಡುವ ಪದ್ಧತಿ ಬಂತು. ಹತ್ತು ರೂಪಾಯಿ ಸಿಗುತ್ತದೆ ಅಂದರೆ ಕುಡಿದವನು ಬಿಸಾಡಿದ್ದನ್ನೂ ಇನ್ನೊಬ್ಬ ಹೆಕ್ಕಿ ತರುತ್ತಾನೆ.

ನಮ್ಮಲ್ಲಿ ಕಾಗದದ ಮೇಲೆ ಹೊಣೆ ಕಂಪನಿಗಳದೇ. ಮಾರಿದಷ್ಟು ಪ್ಲಾಸ್ಟಿಕ್ಕಿಗೆ ಲೆಕ್ಕ ಕೊಡಬೇಕು. ಅದನ್ನು ತಾವೇ ಸಂಗ್ರಹಿಸದಿದ್ದರೂ ಮರುಬಳಕೆ ಮಾಡುವವರಿಂದ ಪ್ರಮಾಣಪತ್ರ ಕೊಂಡರೆ ಸಾಕು. ಇದಕ್ಕೆ ಇಪಿಆರ್, ಅಂದರೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಅನ್ನುತ್ತಾರೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಮೂರು ರಾಜ್ಯಗಳ ನಾಲ್ಕು ಘಟಕಗಳಿಂದ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕವು. ಮೂರರಲ್ಲಿ ಒಂದು ನಮ್ಮ ಕರ್ನಾಟಕ. ಕ್ರೇಟ್ ಮಗುಚಿ ಕೊಟ್ಟ ಆಕೆ ಇಡೀ ದಿನ ಕವರ್ ಹಿಚುಕಿ ಬೇರೆ ಮಾಡುವ ಕೆಲಸವನ್ನು ಯಾರೋ ಕಂಪ್ಯೂಟರ್ ಮುಂದೆ ಕೂತು ಮಾಡಿಬಿಟ್ಟಿದ್ದರು. ಆ ಪ್ರಮಾಣಪತ್ರದ ದುಡ್ಡಿನ ಒಂದು ಪಾಲು ಅಂಗಡಿಯ ಕಟ್ಟೆಯ ಮೇಲೆ ಬರಲಿ. ಪ್ರತಿ ಕವರಿಗೆ ಒಂದು ರೂಪಾಯಿ ಇಟ್ಟುಕೊಳ್ಳಿ, ತಂದುಕೊಟ್ಟವರಿಗೆ ಕೊಡಿ. ನಾನು ತರದಿದ್ದರೆ ಹೆಕ್ಕುವವರು ತರಲಿ. ಬೆಲೆ ಇಲ್ಲ ಅನ್ನುವ ಕವರಿಗೆ ಅವತ್ತೇ ಬೆಲೆ ಬರುತ್ತದೆ. ಅಷ್ಟು ದುಡ್ಡು ವಾಪಸ್ ಕೊಡಬೇಕಾದ ಕಂಪನಿಗೆ ಕವರನ್ನು ಬೇರೆ ಥರ ಮಾಡುವ ಯೋಚನೆಯೂ ಬರುತ್ತದೆ ಅಂತ ನಾನು ನಂಬಿದ್ದೇನೆ.

ಹಿಂದಿನ ಕೋಣೆ

ಮೂರನೇ ತಿಂಗಳೂ ಅಂಗಡಿಗೆ ಹೋದೆ. ಕವರ್ ಕೊಡುವುದನ್ನು ನಿಲ್ಲಿಸಿಲ್ಲ. ಕಸದ ಆಟೋಗೇ ಹೋದರೂ ಆ ಮ್ಯಾನೇಜರ್ ಪ್ರತಿ ತಿಂಗಳು ಅದನ್ನು ಕೈಯಲ್ಲಿ ಹಿಡಿಯಲಿ ಅನ್ನುವುದು ನನ್ನ ಹಟ. ತರಕಾರಿ ತೂಗುವ ಹುಡುಗ ಈಗ ಪರಿಚಯ. ಮೊದಲ ಸಲ ಬಟ್ಟೆ ಚೀಲ ಕೊಟ್ಟಾಗ, ಕವರ್ ಇಲ್ದೆ ಸ್ಟಿಕ್ಕರ್ ಎಲ್ಲಿ ಅಂಟಿಸ್ಲಿ ಮೇಡಂ ಅಂತ ಕೇಳಿದ್ದ. ಈಗ ಅವನೇ ಖಾಲಿ ಚೀಲವನ್ನು ತಕ್ಕಡಿಯ ಮೇಲಿಟ್ಟು, ಗುಂಡಿ ಒತ್ತಿ ಸೊನ್ನೆಗೆ ತಂದು, ಆಮೇಲೆ ತರಕಾರಿ ಹಾಕುತ್ತಾನೆ.

ಅವತ್ತು ಅವನನ್ನು ಜೋಳದ ಬಗ್ಗೆ ಕೇಳಿದೆ. ಸುಲಿದೇ ಬರುತ್ತದಾ ಅಂದರೆ, "ಇಲ್ಲ ಮೇಡಂ, ಮೂಟೇಲಿ ಸಿಪ್ಪೆ ಸಮೇತಾನೇ ಬರುತ್ತೆ. ಬೆಳಗ್ಗೆ ನಾವೇ ಹಿಂದೆ ಸುಲಿದು ಸುತ್ತೋದು" ಅಂದ. ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲಿ ನಿಷೇಧಿಸಿದ ಪಟ್ಟಿಯಲ್ಲಿ ಕ್ಲಿಂಗ್ ಫಿಲ್ಮ್, ಅಂದರೆ ಹೀಗೆ ಎಳೆದು ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ, ಹೆಸರು ಹಿಡಿದೇ ಇದೆ. ವಿನಾಯಿತಿ ಇರುವುದು ತಯಾರಾಗುವ ಜಾಗದಲ್ಲೇ ಮೊಹರಾಗಿ ಬರುವ ಪ್ಯಾಕಿಂಗಿಗೆ. ಹೊಲದಿಂದ ಮುಸುಕು ಸಮೇತ ಬಂದ ತೆನೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸುತ್ತುವ ಹಾಳೆ ಅದರೊಳಗೆ ಹೇಗೆ ಬರುತ್ತದೆ? ಇದನ್ನೇ ಮ್ಯಾನೇಜರಿಗೆ ಬರೆದುಕೊಟ್ಟು ಬಂದಿದ್ದೇನೆ, ಈ ಸಲ ಮೇಲ್ ಅಲ್ಲ, ಕಾಗದದಲ್ಲಿ, ಇನ್ನೊಂದು ಪ್ರತಿಗೆ ಅವರ ಸಹಿ ಹಾಕಿಸಿಕೊಂಡು.

ನಾನು ಬರೆಯುತ್ತಿದ್ದಾಗ ಹುಡುಗ ಒಳಗೆ ಹೋಗಿ ಮೂಟೆಯಿಂದ ಎರಡು ತೆನೆ ತಂದ. ಸಿಪ್ಪೆ ಇನ್ನೂ ತಣ್ಣಗೆ, ಒದ್ದೆಯಾಗಿತ್ತು. ಬಿಲ್ಲಿನ ಹುಡುಗಿ ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ಬಾರ್‌ಕೋಡ್ ಇಲ್ಲ, ಬಿಲ್ ಆಗಲ್ಲ ಅಂದಳು. ಅವನು ಸಾಲಿಗೆ ಓಡಿಹೋಗಿ ಸುತ್ತಿಟ್ಟ ಪ್ಯಾಕೆಟ್ ಒಂದನ್ನು ತಂದುಕೊಟ್ಟ. ಅವಳು ಅದನ್ನು ಯಂತ್ರಕ್ಕೆ ತೋರಿಸಿ, ಕೀ ಅಂದ ಮೇಲೆ ಅವನ ಕೈಗೇ ವಾಪಸ್ ಕೊಟ್ಟಳು. ಮುಸುಕಿನ ಜೋಳ ನನ್ನ ಚೀಲಕ್ಕೆ ಬಂತು.